ಮಗುವಿನ ಮಿಸುಕಾಟ ನೋಡೋಕೂ ಪರೀಕ್ಷೆಯಾ?

ನಾನಿರುವ ಮೆಲ್ಬರ್ನ್‌ನಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ಒಂದು ಪರೀಕ್ಷೆ ಮಾಡುತ್ತಾರೆ. ಸೂಜಿ ಇಲ್ಲ, ಸ್ಕ್ಯಾನ್ ಇಲ್ಲ. ಮಗುವನ್ನು ಅಂಗಾತ ಮಲಗಿಸಿ ಕೆಲವು ನಿಮಿಷ ವಿಡಿಯೊ ತೆಗೆಯುವುದು, ಅಷ್ಟೇ. ತರಬೇತಿ ಪಡೆದವರು ಅದನ್ನು ನೋಡಿ ಮಿದುಳಿಗೆ ಪೆಟ್ಟಾಗಿದೆಯಾ ಎಂದು ಅಂದಾಜು ಮಾಡುತ್ತಾರೆ. ಅಪ್ಪ ಅಮ್ಮನೇ ಮನೆಯಲ್ಲಿ ವಿಡಿಯೊ ತೆಗೆದು ಕಳಿಸಲಿ ಅಂತ ಇಲ್ಲಿನ ಸಂಶೋಧಕರು ‘ಬೇಬಿ ಮೂವ್ಸ್’ ಎಂಬ ಆ್ಯಪ್ ಕೂಡ ಮಾಡಿದ್ದರು.

ಇದನ್ನು ಊರಲ್ಲಿ ಹೇಳಿದರೆ ನಗುತ್ತಾರೆ. ಮಗು ಕೈಕಾಲು ಆಡಿಸೋದನ್ನ ನೋಡೋಕೆ ಓದಿದವರೇ ಬೇಕಾ? ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವ ಅಜ್ಜಿಯರ ಕಣ್ಣು ಚುರುಕು, ಒಪ್ಪುತ್ತೇನೆ. ಮೈ ಬಿಗಿಯಾಗಿದೆ ಅನ್ನೋದು ಎಷ್ಟೋ ಸಲ ಅವರ ಕೈಗೇ ಮೊದಲು ತಿಳಿಯುತ್ತೆ. ಆದರೆ ಕಾಲು ಜೋರಾಗಿ ಒದ್ದರೆ ಸಾಕು, ಮಗು ಗಟ್ಟಿ ಅಂತ ನಾವು ಸುಮ್ಮನಾಗಿಬಿಡುತ್ತೇವೆ. ಒದೆತದ ಜೋರು ಈ ಪರೀಕ್ಷೆಯಲ್ಲಿ ಲೆಕ್ಕಕ್ಕೇ ಇಲ್ಲ.

ಹೆರಿಗೆಗೆ ಕೊಟ್ಟಿದ್ದ ದಿನದಿಂದ ಎಣಿಸಿ ಮೂರರಿಂದ ಐದು ತಿಂಗಳ ಮಗುವಿನ ಕುತ್ತಿಗೆ, ಮಣಿಕಟ್ಟು, ಸೊಂಟ, ಪಾದ ಎಲ್ಲವೂ ಎಲ್ಲ ದಿಕ್ಕಿಗೂ ಸಣ್ಣಗೆ ಮಿಸುಕುತ್ತಲೇ ಇರಬೇಕು, ಅಕ್ಕಿ ಬೇಯುವಾಗ ಅಗಳು ಕುಣಿಯುವ ಹಾಗೆ. ಇದನ್ನು ಪರೀಕ್ಷೆಯಾಗಿ ರೂಪಿಸಿದವರು ಆಸ್ಟ್ರಿಯಾದ ಹೈಂಜ್ ಪ್ರೆಕ್ಟ್ಲ್. 1997ರಲ್ಲಿ ಅವರ ತಂಡ 130 ಮಕ್ಕಳನ್ನು ಗಮನಿಸಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆಯಿತು. ಮುಂದೆ ನರದ ತೊಂದರೆ ಕಾಣಿಸಿಕೊಂಡ ಮಕ್ಕಳಲ್ಲಿ ನೂರಕ್ಕೆ 95 ಮಂದಿಯನ್ನು ಈ ಮಿಸುಕಾಟ ಇಲ್ಲದ್ದನ್ನೋ ಸರಿಯಿಲ್ಲದ್ದನ್ನೋ ನೋಡಿಯೇ ಮೊದಲು ಗುರುತಿಸಲಾಗಿತ್ತು. ಆರೋಗ್ಯವಾಗಿದ್ದವರ ವಿಷಯದಲ್ಲೂ ನೂರಕ್ಕೆ 96 ಸರಿ.

ಹಾಗಂತ ಕಣ್ಣು ಮುಚ್ಚಿ ನಂಬುವಂತಿಲ್ಲ. ಮೊದಲ ವಾರಗಳಲ್ಲಿ ಚಲನೆ ಸ್ವಲ್ಪ ಏಕತಾನ ಅನಿಸಿದ ಎಷ್ಟೋ ಮಕ್ಕಳು ಆಮೇಲೆ ಚೆನ್ನಾಗೇ ಬೆಳೆಯುತ್ತಾರೆ. ಮಗು ಅಳುತ್ತಿದ್ದರೆ, ನಿದ್ದೆಯಲ್ಲಿದ್ದರೆ ವಿಡಿಯೊ ದಂಡ. ಸೆರೆಬ್ರಲ್ ಪಾಲ್ಸಿ (ಮಿದುಳಿನ ಪೆಟ್ಟಿನಿಂದ ಕೈಕಾಲಿನ ಹಿಡಿತ ತಪ್ಪುವ ತೊಂದರೆ) ಬರಬಹುದಾ ಅನ್ನೋದಕ್ಕೆ ಇದು ಗಟ್ಟಿ ಸುಳಿವು. ಮಾತು, ಕಲಿಕೆಯ ವಿಷಯಕ್ಕೆ ಅಷ್ಟು ಭರವಸೆ ಬೇಡ. ಅಪಾಯವೇ ಇಲ್ಲದ ಮಗುವಿಗೆ ಸುಮ್ನೆ ಮಾಡಿಸಿದರೆ ಗಾಬರಿಯೇ ಜಾಸ್ತಿ.

ಆದರೂ ಇಲ್ಲಿನ ಕ್ರಮವೇ ನನಗೆ ಮೆಚ್ಚು. ‘ಕೆಲವು ಮಕ್ಕಳು ನಿಧಾನ, ನಡೀತಾನೆ ಬಿಡು’ ಅಂತ ಒಂದೂವರೆ ವರ್ಷ ಕಾಯುವುದಿದೆಯಲ್ಲ, ಫಿಸಿಯೋಥೆರಪಿ ಶುರುಮಾಡಬೇಕಾದ ಹೊತ್ತೇ ಅದು. ನಮ್ಮ ಜಿಲ್ಲೆಗಳಲ್ಲೂ ಮಕ್ಕಳ ಶೀಘ್ರ ಪತ್ತೆ ಕೇಂದ್ರಗಳಿವೆ, ಫೋನಂತೂ ಎಲ್ಲರ ಕೈಯಲ್ಲಿದೆ. ಬೇಕಿರೋದು ನೋಡಲು ಪಳಗಿದ ಒಂದೆರಡು ಜೊತೆ ಕಣ್ಣು. ಮತ್ತೆ, ವಿಡಿಯೊ ತೆಗೆಯುವಷ್ಟು ಹೊತ್ತು ಮಗುವಿಗೆ ಸುತ್ತಿದ ಬಟ್ಟೆ ಬಿಚ್ಚಲು ಅಜ್ಜಿಯರ ಒಪ್ಪಿಗೆ.