ಕೈ ಎತ್ರಲೇ, ಫೋಟೋ ಐತಿ

ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ನಮ್ಮ ರಾಯಚೂರನ್ನು ಮೇಲಿನಿಂದ ಹುಡುಕುವ ಅಮಾಯಕರು ಈಗ ಯಾರೂ ಉಳಿದಿಲ್ಲ. ಕೆಳಗಿನಿಂದ ಶುರು ಮಾಡಿದರೆ ಬೇಗ ಸಿಗುತ್ತದೆ. ಸಿಕ್ಕ ಮೇಲೆ ಸಭೆ, ಸಭೆಯ ಮೇಲೆ ಸುತ್ತೋಲೆ: ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಪರಿಹಾರ ಬೋಧನೆ, ನಸುಕಿನ ಐದಕ್ಕೆ ಮಾಸ್ತರರೇ ಫೋನ್ ಹಚ್ಚಿ ಮಕ್ಕಳನ್ನು ಎಬ್ಬಿಸುವುದು. ಮನೆಯಲ್ಲಿರೋ ಒಂದೇ ಫೋನು ಅಪ್ಪನ ಕಿಸೆಯಲ್ಲಿ. ಅಪ್ಪ ಗುಳೆ ಹೋಗಿ ಬೆಂಗಳೂರಿನ ಯಾವುದೋ ಶೆಡ್ಡಿನಲ್ಲಿ ಮಲಗಿದ್ದಾನೆ. ಪಾಪ, ಎದ್ದು ಅವನೇ ಓದಬೇಕು.

ಹಿಂದೆ ಬಿದ್ದ ಮಕ್ಕಳಿಗೆ ಏನೂ ಮಾಡಿಲ್ಲ ಅಂದರೆ ನಾಲಿಗೆ ಬಿದ್ದೀತು. ಹೆಸರನ್ನಾದರೂ ಬದಲಿಸಿದ್ದಾರಲ್ಲ! ಮೊದಲು ದಡ್ಡರಿದ್ದರು, ಆಮೇಲೆ ‘ನಿಧಾನಗತಿ ಕಲಿಕೆಯವರು’ ಆದರು, ಈಗ ಸಿ ಗುಂಪು. ಅವರಿಗೆ ಪಾಸಾಗುವಷ್ಟೇ ಪ್ರಶ್ನೋತ್ತರ ಕಟ್ಟಿಕೊಟ್ಟ ‘ಪಾಸಿಂಗ್ ಪ್ಯಾಕೇಜ್’ ಎಂಬ ಪ್ರಸಾದ. ತಿಳಿಯಬೇಕೆಂದಿಲ್ಲ, ಕಣ್ಣಿಗೊತ್ತಿಕೊಂಡು ನುಂಗಿದರಾಯಿತು. ಅಷ್ಟಕ್ಕೂ ದಕ್ಕದವರಿಗೆ ಒಂದು ವರ್ಷ ದೊಡ್ಡವರ ಕೃಪೆಯೂ ಇತ್ತು: 2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂತು, ಫಲಿತಾಂಶ ಬಿತ್ತು, ಕೃಪಾಂಕ 10ರಿಂದ 20 ಪರ್ಸೆಂಟಾಯಿತು.

ಸುತ್ತೋಲೆ ಅಂದಾಗೆಲ್ಲ ನನಗೆ ನಮ್ಮ ಜಿಲ್ಲೆಯ ಮಸ್ಕಿಯ ಬೆಟ್ಟ ನೆನಪಾಗುತ್ತದೆ. ಅಶೋಕ ಕಳಿಸಿದ ಸುತ್ತೋಲೆ ಇನ್ನೂ ಅಲ್ಲಿ ಬಂಡೆಯ ಮೇಲಿದೆ. 1915ರಲ್ಲಿ ಅದು ಸಿಕ್ಕಿದ ಮೇಲೇ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಎಂಬುದು ಖಾತ್ರಿಯಾದದ್ದು. ಅದರ ಒಕ್ಕಣೆ ಏನು ಗೊತ್ತೇ? ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವನಿಗೂ ದಕ್ಕುತ್ತದೆ. ಪ್ರಾಕೃತದಲ್ಲಿ ಬರೆಸಿದ, ಆಗಿನ ನಮ್ಮ ಸಿ ಗುಂಪಿಗೆ ಎಷ್ಟು ತಿಳಿಯಿತೋ! ಆದರೂ ಚಕ್ರವರ್ತಿ ಮರ್ಯಾದಸ್ಥ. ಓದಿಸಿದ್ದಕ್ಕೆ ಸಾಕ್ಷಿಯಾಗಿ ಜಿಪಿಎಸ್ ಫೋಟೋ ಹಾಕಿ ಅನ್ನಲಿಲ್ಲ.

ಮೊನ್ನೆ ಒಂದು ಹೈಸ್ಕೂಲಿನ ಸಂಜೆ ತರಗತಿಯಲ್ಲಿ ಕೂತಿದ್ದೆ. ಕಡೇ ಬೆಂಚಿನ ಹುಡುಗನಿಗೆ ಭಾಗಾಕಾರ ಬರುವುದಿಲ್ಲ. ಐದನೇತ್ತೆಯಲ್ಲಿ ಅದನ್ನು ಹೇಳಿಕೊಡುವ ಹೊತ್ತಿಗೆ ಅವ್ವನ ಜೊತೆ ಹತ್ತಿ ಬಿಡಿಸಲು ಹೋಗಿದ್ದ. ಮಾಸ್ತರರು ಯಾವುದೋ ಸಮೀಕ್ಷೆಗೆ ಹೋಗಿದ್ದರು. ಇಬ್ಬರೂ ವಾಪಸು ಬರುವಷ್ಟರಲ್ಲಿ ಪಾಠ ಮುಂದೆ ಹೋಗಿತ್ತು. ಐದು ವರ್ಷ ಒಬ್ಬರೂ ಅವನ ಪಕ್ಕ ಕೂತು ‘ಎಲ್ಲಿ ತಿಳಿಯಲಿಲ್ಲಪ್ಪಾ’ ಅಂತ ಕೇಳಲಿಲ್ಲ. ಈಗ ವರ್ಗ ಸಮೀಕರಣ ಬಾಯಿಪಾಠ ಮಾಡು ಅನ್ನುತ್ತಾರೆ. ನಾಚಿಕೆಯಾಗಬೇಕು ನಮಗೆ.

ಅತಿಥಿ ಮಾಸ್ತರ ಸಂಬಳ ಬಾರದ ಮುಖದಲ್ಲೇ ಮೊಬೈಲ್ ಎತ್ತಿ, ‘ಎಲ್ಲಾರೂ ಕೈ ಎತ್ರಲೇ, ಫೋಟೋ ಐತಿ’ ಅಂದ. ನಲವತ್ತು ಕೈ ಪಟ್ಟನೆ ಮೇಲೆದ್ದವು. ಎಂಥ ಲವಲವಿಕೆಯ ತರಗತಿ! ಕ್ಲಿಕ್ಕಾಯಿತು, ಕೈಗಳು ಇಳಿದವು. ಹತ್ತಿ ತೊಳೆ ಗೀರಿದ ಗೆರೆಗಳಿದ್ದ ಒಂದು ಕೈ ಮಾತ್ರ ಮೇಲೇ ಇತ್ತು.

‘ಇಳಸಲೇ, ಆತು,’ ಅಂದ ಮಾಸ್ತರ, ಅಪ್‌ಲೋಡ್ ಆಗದ ಮೊಬೈಲನ್ನು ಕಿಟಕಿಯ ಕಡೆ ಹಿಡಿಯುತ್ತ.

‘ಇಲ್ಲ್ರೀ ಸರ, ನನಗೊಂದು ಕೇಳೋದೈತಿ.’