ಆ ಕಾದಂಬರಿಯಲ್ಲಿ ಕೊಕ್ಕೆಯೇ ಇಲ್ಲ

‘ಐ ನೋ ವಾಟ್ ಯು ಡಿಡ್ ಲಾಸ್ಟ್ ಸಮ್ಮರ್’ ಅಂದ ಕೂಡಲೇ ಕೊಕ್ಕೆ ಹಿಡಿದು ಕೊಲ್ಲುತ್ತಾ ಹೋಗುವ ಮೀನುಗಾರ ನೆನಪಾದರೆ, ನೀವು ನೋಡಿದ್ದು 1997ರ ಸಿನಿಮಾ. ಅಮೆರಿಕದ ಲೋಯಿಸ್ ಡಂಕನ್ 1973ರಲ್ಲಿ ಬರೆದ ಕಾದಂಬರಿಯಲ್ಲಿ ಅವನಿಲ್ಲ. ಸೈಕಲ್ಲಿನಲ್ಲಿದ್ದ ಹುಡುಗನಿಗೆ ಕಾರು ಗುದ್ದಿ, ಯಾರಿಗೂ ಹೇಳಬಾರದೆಂದು ಮಾತಾಡಿಕೊಂಡ ನಾಲ್ವರೂ ಕೊನೆಗೆ ಬದುಕುಳಿಯುತ್ತಾರೆ. ಭಯವೆಲ್ಲ ಇರುವುದು ಮುಚ್ಚಿಟ್ಟ ವಿಷಯದಲ್ಲಿ.

(ಓದಬೇಕು ಅಂದುಕೊಂಡವರು ಈ ಪ್ಯಾರಾ ಹಾರಿಸಿ.) ಆ ನಾಲ್ವರಲ್ಲಿ ಒಬ್ಬಳಾದ ಜೂಲಿಗೆ ಬಡ್ ಎಂಬವನ ಸ್ನೇಹವಾಗುತ್ತದೆ. ಇನ್ನೊಬ್ಬಳು ಹೆಲೆನ್ ಇರುವ ಅಪಾರ್ಟ್‌ಮೆಂಟಿಗೆ ಕೋಲಿ ಎಂಬವನು ಬರುತ್ತಾನೆ. ಇಬ್ಬರೂ ಒಬ್ಬನೇ, ನಾಲ್ವರ ಬೆನ್ನು ಬಿದ್ದವನೂ ಅವನೇ! ಅವನನ್ನು ಒಬ್ಬೊಬ್ಬ ಹುಡುಗಿಯ ಕಣ್ಣಿನಿಂದ ಬೇರೆಬೇರೆಯಾಗಿ ತೋರಿಸುವುದರಿಂದ ಓದುಗನ ಕೈಗೆ ಸಿಗುವುದು ಹೆಸರು ಮಾತ್ರ. ಕ್ಯಾಮೆರಾ ಇಟ್ಟರೆ ಮುಖ ಕಂಡು ಗುಟ್ಟು ರಟ್ಟು. ಈ ಕಾದಂಬರಿಯನ್ನು ಇದ್ದ ಹಾಗೇ ತೆರೆಗೆ ತರುವುದು ಕಷ್ಟ, ಒಪ್ಪೋಣ. ಆದರೆ ಅದಕ್ಕೆ ಪರಿಹಾರ ರಕ್ತ ಚೆಲ್ಲುವುದಲ್ಲ.

2010ರ ಹೊತ್ತಿಗೆ ಡಂಕನ್ ಅವರ ಹಳೆಯ ಪುಸ್ತಕಗಳನ್ನು ಮರುಮುದ್ರಿಸುವಾಗ ವಿಯೆಟ್ನಾಂ ಯುದ್ಧ ಹೋಗಿ ಇರಾಕ್ ಬಂತು, ಮೊಬೈಲೂ ಬಂತು. ಮೊಬೈಲೇ ದೊಡ್ಡ ತಲೆನೋವು. ನಾಲ್ವರಲ್ಲೊಬ್ಬನಾದ ಬ್ಯಾರಿಯನ್ನು ಹೊರಗೆ ಕರೆಸುವುದು ಒಂದು ಫೋನ್ ಕರೆ. ಲ್ಯಾಂಡ್‌ಲೈನಿನಲ್ಲಿ ಮಾಡಿದ್ದು ಯಾರೆಂದು ಗೊತ್ತಾಗದು, ಮೊಬೈಲಿನಲ್ಲಿ ನಂಬರ್ ಉಳಿಯುತ್ತದೆ. ಇಂಥ ಎಳೆ ಒಂದು ಸಡಿಲವಾದರೂ ಕಥೆ ಜಾಳಾಗುತ್ತದೆ.

ಡಂಕನ್ ಹುಟ್ಟಿದ್ದು 1934ರಲ್ಲಿ, ಹದಿಮೂರಕ್ಕೇ ಮೊದಲ ಕಥೆ ಪತ್ರಿಕೆಗೆ ಮಾರಿದವರು. 1958ರ ಮೊದಲ ಕಾದಂಬರಿಯಲ್ಲಿ ಯುವಕನೊಬ್ಬ ಬಿಯರ್ ಕುಡಿಯುತ್ತಾನೆಂದು ಪ್ರಕಾಶಕರು ತಕರಾರು ತೆಗೆದರು. ಬಿಯರ್ ಕೋಕ್ ಆಯಿತು, ಬಹುಮಾನವೂ ಬಂತು. ಇಪ್ಪತ್ತು ವರ್ಷದ ನಂತರ ಅದೇ ಕೈ ‘ಕಿಲ್ಲಿಂಗ್ ಮಿಸ್ಟರ್ ಗ್ರಿಫಿನ್’ ಬರೆಯಿತು. ಅದರಲ್ಲಿ ವಿದ್ಯಾರ್ಥಿಗಳು ಹೆದರಿಸಲೆಂದು ಮೇಷ್ಟ್ರನ್ನು ಕಟ್ಟಿಹಾಕುತ್ತಾರೆ, ಹೃದ್ರೋಗದ ಮಾತ್ರೆ ಸಿಗದೆ ಅವರು ಸಾಯುತ್ತಾರೆ. ಶಾಲೆಗಳಿಂದ ತೆಗೆಸಬೇಕೆಂದು ದೂರುಗಳ ಸುರಿಮಳೆ. ನನ್ನ ಲೆಕ್ಕದಲ್ಲಿ ಅವರ ಅತ್ಯುತ್ತಮ ಕೃತಿ ಅದೇ. ನಡುವಿನ ವರ್ಷಗಳಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಲ್ಲಿ ಮಕ್ಕಳನ್ನು ಸಾಕುತ್ತಾ, ಪತ್ರಿಕೆಗಳಿಗೆ ಬರೆದರು. ಪದವಿ ಇಲ್ಲದೆಯೇ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸಿ, 1977ರಲ್ಲಿ ಅಲ್ಲೇ ಪದವಿ ಪಡೆದರು.

1989ರಲ್ಲಿ, ಕಿರಿಮಗಳನ್ನೇ ಮಾದರಿಯಾಗಿಟ್ಟು ನಾಯಕಿಯನ್ನು ಸೃಷ್ಟಿಸಿದ ಕಾದಂಬರಿ ಹೊರಬಂತು. ಅದೇ ಜುಲೈನಲ್ಲಿ ಹದಿನೆಂಟರ ಆ ಮಗಳನ್ನು, ಕಾರು ಓಡಿಸುತ್ತಿದ್ದಾಗ, ಯಾರೋ ಗುಂಡಿಟ್ಟು ಕೊಂದರು. ಹದಿಹರೆಯದವರ ಸಸ್ಪೆನ್ಸ್ ಬರೆಯುವುದು ಹೆಚ್ಚುಕಡಿಮೆ ನಿಂತೇಹೋಯಿತು. 1992ರಲ್ಲಿ ಬಂದದ್ದು ಆ ಕೊಲೆಯ ಬೆನ್ನು ಹತ್ತಿದ ಪುಸ್ತಕ. ಮುಂದೆ ತಾವು ಬರೆದ ಕಥೆ ರಕ್ತದ ಸಿನಿಮಾ ಆದದ್ದನ್ನು ಕಂಡು ಅವರಿಗೆ ಹೇಸಿಗೆಯಾದದ್ದು ಸಹಜ.

2016ರಲ್ಲಿ ಅವರು ತೀರಿಕೊಂಡಾಗ ಮಗಳ ಕೊಲೆಗಾರ ಯಾರೆಂದು ತೀರ್ಮಾನವಾಗಿರಲಿಲ್ಲ. 2021ರಲ್ಲಿ ಒಬ್ಬ ತಾನೇ ಕೊಂದೆನೆಂದು ಹೇಳಿಕೊಂಡ. 1989ರ ಆ ರಾತ್ರಿ ಪೊಲೀಸರು ಬಂದಾಗ ಅವನು ಅಲ್ಲೇ ನಿಂತಿದ್ದ.