ಓಡದ ಕಾರಿಗೆ ದೊಡ್ಡ ಬ್ರೇಕು

ದಾವಣಗೆರೆಯಲ್ಲಿ ಎಲ್ಲದಕ್ಕೂ ಅಡ್ಜಸ್ಟ್ ಮಾಡಿಕೊಳ್ಳಬಹುದು. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ವರು ಕೂರಬಹುದು. ಏಪ್ರಿಲ್ ಬಿಸಿಲಲ್ಲಿ ಕರೆಂಟು ಹೋದರೆ ಹಳೇ ಪೇಪರ್ ಮಡಚಿ ಗಾಳಿ ಹಾಕಿಕೊಂಡು ಮಧ್ಯಾಹ್ನ ಕಳೆಯಬಹುದು. ಬ್ರೇಕಿಗೆ ಮಾತ್ರ ಈ ಮಾತು ನಡೆಯುವುದಿಲ್ಲ. ಇದನ್ನು ನಮ್ಮ ಮನೆಯವಳಿಗೆ, ಲೇತ್ ಮೇಸ್ತ್ರಿಗೆ, ಎದುರು ಮನೆಯ ವಕೀಲರಿಗೆ ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ನನ್ನ ಹತ್ತಿರ ಒಂದು ಹಳೇ ಮಾರುತಿ 800 ಇದೆ. 2014ರಲ್ಲೇ ತಯಾರಿ ನಿಂತುಹೋದ ಕಾರು. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಮೊದಲೇ ಇತ್ತು, ಆದರೆ ಸಣ್ಣದು. ಹೈವೇ 48ರಲ್ಲಿ ಚಿತ್ರದುರ್ಗದ ಕಡೆ ಹೋಗುವಾಗ ಮುಂದಿನ ಲಾರಿ ಹೇಳದೇ ಕೇಳದೇ ಲೇನ್ ಬದಲಾಯಿಸುತ್ತದಲ್ಲ, ಆಗೆಲ್ಲ ಕಾಲಡಿ ಇನ್ನೊಂಚೂರು ಬ್ರೇಕು ಇರಬೇಕಿತ್ತು ಅನ್ನಿಸುತ್ತಿತ್ತು. ಗುಜರಿಯಲ್ಲಿ ಬೇರೆ ಕಾರಿನ ದೊಡ್ಡ ಡಿಸ್ಕು, ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆ, ಅದನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರ್ ಸಿಕ್ಕವು. ಮನೆಗೆ ತಂದೆ. ಮನೆಯವಳು ಒಮ್ಮೆ ಅವನ್ನು ನೋಡಿದಳು, ಒಮ್ಮೆ ಕಾರನ್ನು ನೋಡಿದಳು. "ಅಲ್ರೀ, ಓಡೋದೇ ಕಷ್ಟ ಇರೋ ಗಾಡಿನ ನಿಲ್ಸೋಕೆ ಯಾಕ್ರೀ ಇಷ್ಟು ಖರ್ಚು?" ಅಂದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಕೊಡಲು ಹೋಗಲಿಲ್ಲ.

ಡಿಸ್ಕು ತಂದು ಸಿಕ್ಕಿಸಿಬಿಟ್ಟರೆ ಆಗುವುದಿಲ್ಲ. ಕ್ಯಾಲಿಪರ್ ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತದೆ. ತಿರುಗುತ್ತಿರುವ ಡಿಸ್ಕು ಅದನ್ನೂ ತನ್ನ ಜೊತೆ ಎಳೆದುಕೊಂಡು ಹೋಗಲು ನೋಡುತ್ತದೆ. ಆ ಎಳೆತವನ್ನೆಲ್ಲ ತಡೆಯುವುದು ನಡುವಿನ ಒಂದು ಕಬ್ಬಿಣದ ತುಂಡು, ಬ್ರಾಕೆಟ್ಟು. ನಮ್ಮ ಜೋಡಿಗೆ ಹೊಂದುವ ಬ್ರಾಕೆಟ್ಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ನಾವೇ ಮಾಡಬೇಕು.

ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡುವುದು ಪದ್ಧತಿ. ಮನೆಯಲ್ಲಿ ಸಿಕ್ಕ ಗಟ್ಟಿ ರಟ್ಟು ಅಂದರೆ ಟಿವಿ ಪಕ್ಕ ಇಟ್ಟಿದ್ದ ಒಂದು ಲಗ್ನಪತ್ರಿಕೆ, ಒಳ್ಳೇ ದಪ್ಪದ್ದು, ಬಂಗಾರದ ಅಂಚಿನದ್ದು. ಅಳತೆ ಹಾಕಿ, ಕತ್ತರಿಸಿ, ಬೋಲ್ಟಿನ ಜಾಗದಲ್ಲಿ ತೂತು ಮಾಡಿದೆ. ಅಚ್ಚುಕಟ್ಟಾಗಿ ಕೂತಿತು. ಸಂಜೆ ಅವಳು "ನಮ್ಮ ಚಿಕ್ಕಪ್ಪನ ಮಗಳ ಮದುವೆ ಮುಹೂರ್ತ ಎಷ್ಟೊತ್ತಿಗ್ರೀ?" ಅಂತ ಹುಡುಕಿದಳು. ಮುಹೂರ್ತದ ಸಾಲಿದ್ದ ಕಡೆ 12 ಎಂಎಂ ತೂತಿತ್ತು. ಕಲ್ಯಾಣ ಮಂಟಪದ ಹೆಸರು ಅರ್ಧ ಉಳಿದಿತ್ತು. ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳುವ ಕೆಲಸ ನನ್ನ ಪಾಲಿಗೆ ಬಂತು, ಯಾಕೆ ಕೇಳುತ್ತಿದ್ದೇನೆ ಅಂತ ಅವರೂ ಬಿಡದೆ ಕೇಳಿದರು.

ಲೇತ್ ಮೇಸ್ತ್ರಿ ಹತ್ತಿರ ಹರಿಹರದ ಕಿರ್ಲೋಸ್ಕರ್ ಲೇತ್ ಇದೆ, ಅದಕ್ಕೆ ನನಗಿಂತ ಜಾಸ್ತಿ ವಯಸ್ಸಾಗಿದೆ, ಕೆಲಸವೂ ನನಗಿಂತ ಚೆನ್ನಾಗಿ ಮಾಡುತ್ತದೆ. ತಂದ ಡಿಸ್ಕಿನ ಬೋಲ್ಟು ತೂತುಗಳು 100 ಎಂಎಂ ಸುತ್ತಳತೆಯ ವೃತ್ತದಲ್ಲಲ್ಲ, 100 ಎಂಎಂ ವ್ಯಾಸದ ವೃತ್ತದಲ್ಲಿ ಇವೆ ಅಂತ ಒತ್ತಿ ಹೇಳಿದೆ, ಇಲ್ಲಿ ಎಡವಟ್ಟಾದರೆ ಎಲ್ಲ ಹೋಯಿತು. ನಮ್ಮ ಕಾರಿನ ಹಬ್ಬಿನದ್ದು, ಅಂದರೆ ಚಕ್ರ ಬಿಗಿಯುವ ನಡುಭಾಗದ್ದು, 114.3. "ಇದೆಂಥ ಅಳತೆ ಸಾರ್, ನಾಲ್ಕೂವರೆ ಇಂಚು ಅನ್ನಿ" ಅಂದರು. ಹಳೇ ತೂತುಗಳ ನಡುವೆ ಹೊಸದಾಗಿ ನಾಲ್ಕು ಕೊರೆದರು. ಡಿಸ್ಕಿನ ನಡು ತೂತು ದೊಡ್ಡದಿತ್ತು, ಅದಕ್ಕೊಂದು ರಿಂಗ್ ತಿರುಗಿಸಿ ಕೊಟ್ಟರು. ಇಷ್ಟಾದರೂ ಡಿಸ್ಕು ತಿರುಗುವಾಗ ಓಲಾಡಬಾರದು, 0.1 ಎಂಎಂ ದಾಟಿದರೆ ಪೆಡಲ್ ಕಾಲಿಗೆ ನಡುಗುತ್ತದೆ.

ತಕರಾರು ಬಂದಿದ್ದು ಬ್ರಾಕೆಟ್ಟಿನಲ್ಲಿ. ಡಿಸ್ಕು ಕ್ಯಾಲಿಪರಿನ ನಟ್ಟನಡುವೆ ಬರದೆ ಒಂದು ಬದಿಗೆ ವಾಲಿತ್ತು.

"ಒಂದು ಮಿಲ್ಲಿ ತಾನೇ ಸಾರ್? ಎರಡು ವಾಷರ್ ಕೊಟ್ಟು ಟೈಟ್ ಮಾಡಿಬಿಡಿ."

ಇದೇ ನಾನು ಹೇಳಿದ ಅಡ್ಜಸ್ಟು! ಗೇಟಿಗಾದರೆ ನಾನೂ ವಾಷರ್ ಹಾಕುತ್ತಿದ್ದೆ. ಇಲ್ಲಿ ವಾಷರ್ ಮೇಲೆ ವಾಷರ್ ಪೇರಿಸಿದರೆ ಬೋಲ್ಟಿನ ಮೇಲೆ ಬಾಗಿಸುವ ಒತ್ತಡ ಬೀಳುತ್ತದೆ. ವೇಗ ಎರಡರಷ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ ಅಂತಲೂ ಹೇಳಿದೆ. ಮೇಸ್ತ್ರಿ ಬೀಡಿ ಹಚ್ಚಿದರು. "ನಿಮ್ಮ ಗಾಡಿ ಎರಡರಷ್ಟು ಎಲ್ಲಿ ಹೋಗುತ್ತೆ ಸಾರ್?" ಅಂದರು. ಆದರೂ ದೊಡ್ಡ ಮನಸ್ಸು ಮಾಡಿ ಹೊಸ ಪ್ಲೇಟು ಕತ್ತರಿಸಿ ಕೊಟ್ಟರು.

ಭಾನುವಾರ ಭಾಮೈದ ಬೆಣ್ಣೆ ದೋಸೆ ಪಾರ್ಸೆಲ್ ಹಿಡಿದು ಬಂದ. ತಿನ್ನುತ್ತಲೇ ಟೀಪಾಯಿ ಮೇಲಿನ, ಕ್ಯಾಲಿಪರ್ ಒಳಗೆ ಕೂತು ಡಿಸ್ಕನ್ನು ಒತ್ತುವ ಹೊಸ ಬ್ರೇಕ್ ಪ್ಯಾಡ್ ಎತ್ತಿಕೊಂಡು "ಏನ್ ಭಾವ, ಬಿಸ್ಕತ್ ಇದ್ದಂಗಿದೆ" ಅಂದ. ಹೆಬ್ಬೆಟ್ಟಿನ ಗುರುತು ಪೂರ್ತಿ ಬೆಣ್ಣೆಯಲ್ಲಿ ಮೂಡಿತ್ತು. ಪ್ಯಾಡು ಜಿಡ್ಡು ಕುಡಿದರೆ ಹಿಡಿತ ಹೋಯಿತು ಅಂತಲೇ ಲೆಕ್ಕ, ಬದಲಾಯಿಸುವುದೇ ಸರಿ. ಒಂದು ಸೆಟ್ ಹೋಯಿತು. ದೋಸೆ ಮಾತ್ರ ಬಹಳ ಚೆನ್ನಾಗಿತ್ತು.

ಎಲ್ಲ ಕೂತ ಮೇಲೆ ಚಕ್ರ ಕೂರಲಿಲ್ಲ. 12 ಇಂಚಿನ ಚಕ್ರದೊಳಗೆ ಕ್ಯಾಲಿಪರ್ ತಾಗುತ್ತಿತ್ತು. 13 ಇಂಚಿನ ಎರಡು ಚಕ್ರ ಎರವಲು ತಂದೆ. ಅದರಲ್ಲಿ ಎಷ್ಟು ಸಂದು ಉಳಿಯುತ್ತದೆ ನೋಡಲು ಮೆತ್ತನೆಯದೇನಾದರೂ ಕ್ಯಾಲಿಪರ್ ಮೇಲೆ ಅಂಟಿಸಿ, ಚಕ್ರ ತಿರುಗಿಸಿ, ಆಮೇಲೆ ಅದರ ದಪ್ಪ ಅಳೆಯಬೇಕು. ಜೋಳದ ಹಿಟ್ಟು ಉದುರಿಹೋಯಿತು. ಚಪಾತಿ ಕಣಕ ಸರಿಹೋಯಿತು, ಮೂರು ಎಂಎಂ ಚಿಲ್ಲರೆ ಉಳಿಯಿತು, ಸಾಕು. ಅಷ್ಟರಲ್ಲಿ ಕರೆಂಟು ಹೋಯಿತು, ಕಣಕ ಅಲ್ಲೇ ಉಳಿಯಿತು. ಬೆಳಿಗ್ಗೆ ನೋಡಿದರೆ ಇರುವೆಗಳು ಸಾಲುಗಟ್ಟಿ ಚಕ್ರದೊಳಗೆ ಹೋಗುತ್ತಿದ್ದವು, ಬೀದಿ ನಾಯಿಯೊಂದು ಕಾರಿನ ಮುಂದೆ ಕಾದು ಕೂತಿತ್ತು.

ಆಗ ಬಂದರು ವಕೀಲರು. 1988ರ ಮೋಟಾರು ವಾಹನ ಕಾಯ್ದೆ, ಸೆಕ್ಷನ್ 52, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂದರು. "ಏನಾದರೂ ಅಡ್ಜಸ್ಟ್..." ಅಂತ ಅವಳೇ ಶುರು ಮಾಡಿದಳು. ಕಾಯ್ದೆಯೂ ಬ್ರೇಕಿನ ಜಾತಿಯದೇ.

ಹಾಗಾಗಿ ರಸ್ತೆಗೆ ಇಳಿಸಲಿಲ್ಲ. ಕಾರನ್ನು ಟೆಂಪೋ ಮೇಲೆ ಹಾಕಿಸಿ ಚನ್ನಗಿರಿ ಹತ್ತಿರದ ಮಾವನ ಅಡಿಕೆ ತೋಟಕ್ಕೆ ಒಯ್ದೆ. ಅಲ್ಲೇ ತೋಟದೊಳಗೆ ಓಡಿಸಿ ನೋಡಿದೆ. ಪಕ್ಕದಲ್ಲಿ ಮಾವ, ಹಿಂದಿನ ಸೀಟಲ್ಲಿ ಭಾಮೈದ, ಅವನ ತೊಡೆ ಮೇಲೆ ಎಲ್ಲರ ತಿಂಡಿಗೆಂದು ಕಟ್ಟಿಸಿಕೊಂಡ ಮಂಡಕ್ಕಿ ಚೀಲ, ಕೈಯಲ್ಲಿ ಮೆಣಸಿನಕಾಯಿ ಬಜ್ಜಿ ಪೊಟ್ಟಣ. ಕ್ಯಾಲಿಪರಿನಲ್ಲಿ ಪ್ಯಾಡ್ ಒತ್ತುವ ಪಿಸ್ಟನ್ ದೊಡ್ಡದು, ಪೆಡಲ್ ಒತ್ತಿದಾಗ ಅದಕ್ಕೆ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದೇ, ಅದಕ್ಕೆ ಪೆಡಲ್ ಮೊದಲಿಗಿಂತ ಆಳಕ್ಕೆ ಹೋಯಿತು. ಇನ್ನೂ ಹೋಗುತ್ತಿದೆಯಲ್ಲ ಅಂತ ಜೋರಾಗಿ ಒತ್ತಿದೆ. ಕಾರು ನಿಂತಿತು. ಮಂಡಕ್ಕಿ ನಿಲ್ಲಲಿಲ್ಲ. ಡ್ಯಾಶ್‌ಬೋರ್ಡ್, ಸ್ಟೇರಿಂಗ್, ನನ್ನ ಅಂಗಿಯ ಕಾಲರ್, ಮಾವನ ಕನ್ನಡಕ, ಎಲ್ಲ ಕಡೆ ಮಂಡಕ್ಕಿಯೇ.

ಬ್ರಾಕೆಟ್ಟು ಕೂದಲಷ್ಟೂ ಅಲುಗಿರಲಿಲ್ಲ, ಇಳಿದು ಬಗ್ಗಿ ನೋಡಿದೆ. ಹಿಂದಿನಿಂದ ಭಾಮೈದ ಸೀಟಿನ ಕೆಳಗೆ ತಡಕಾಡುತ್ತಾ ಕೇಳಿದ: "ಭಾವ, ಬ್ರೇಕ್ ಏನೋ ಚೆನ್ನಾಗೈತೆ. ಬಜ್ಜಿ ಎಲ್ಲೋದ್ವು?"